ಸೀಟಿ ಊದದ ಬಸ್ಸು

ಟಕ್, ಟಕ್.

ತಗಡಿನ ಮೇಲೆ ಬೆರಳ ಗೆಣ್ಣಿನ ಎರಡು ಏಟು. ಹಿರೇಕೆರೂರಿನಿಂದ ಒಂಬತ್ತೂ ಹತ್ತಕ್ಕೆ ಬಿಡುವ ಹಾವೇರಿ ಬಸ್ಸು ವಾರದಲ್ಲಿ ಮೂರು ದಿನ ಈ ಸದ್ದಿಗೆ ಹೊರಡುತ್ತದೆ. ಆ ಮೂರೂ ದಿನ ಸೀಟಿ ಕಂಡಕ್ಟರ್ ಮಾದೇವಿಯ ಖಾಕಿ ಜೇಬಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಹೊಸಬರು ಯಾರಾದರೂ ಯಾಕೆಂದು ಕೇಳಿದರೆ ಡ್ರೈವರ್ ಬಾಬಾಜಾನ ಕನ್ನಡಿಯಲ್ಲಿ ಅವರನ್ನೊಮ್ಮೆ ನೋಡಿ, ಈ ಗಾಡಿಗೆ ಸೀಟಿ ಆಗಿಬರುವುದಿಲ್ಲ ಎಂದಷ್ಟೇ ಹೇಳುತ್ತಾನೆ.

ಹೋದ ವರ್ಷ ಮಾದೇವಿ ಈ ಕೆಲಸವನ್ನೇ ಬಿಡುವವಳಿದ್ದಳು.

ಅವಳು ಹಾನಗಲ್ಲಿನ ಹೆಣ್ಣುಮಗಳು. ಗಂಡ ಮೈಲಾರಲಿಂಗ ಹಿರೇಕೆರೂರಿನ ಪೇಟೆಯಲ್ಲಿ ಗೋವಿನಜೋಳದ ಚೀಲ ತೂಗುವ ಕೆಲಸದವನು. ಮದುವೆಗೆ ಮುಂಚೆಯೇ ಅವಳಿಗೆ ನೌಕರಿ ಸಿಕ್ಕಿತ್ತು. ತುಂಬಿದ ಬಸ್ಸಿನಲ್ಲಿ ಯಾರಿಗೂ ತಾಕದಂತೆ ಹಿಂದಿನಿಂದ ಮುಂದಕ್ಕೆ ಬರುವುದನ್ನು ಅವಳಿಂದ ಕಲಿಯಬೇಕು ಎಂದು ಡಿಪೋದಲ್ಲಿ ಹೇಳುತ್ತಿದ್ದರು. ಮಗಳು ಹುಟ್ಟಿದಾಗ ತವರಿನ ತಾರಕೇಶ್ವರನ ನೆನಪಿಗೆ ತಾರಾ ಎಂದು ಹೆಸರಿಟ್ಟಳು. ಕೂಸಿಗೆ ಒಂಬತ್ತು ತಿಂಗಳಾದಾಗ ಅತ್ತೆ ಶೇಖವ್ವನ ಮಡಿಲಿಗೆ ಹಾಕಿ ಡ್ಯೂಟಿಗೆ ಮರಳಿದಳು.

ಎರಡೂವರೆ ವರ್ಷವಾದರೂ ತಾರಾ ಮಾತಾಡಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ದಿನವಿಡೀ ಸ್ಟೀಲಿನ ಮುಚ್ಚಳವೊಂದನ್ನು ಉಗುರಿನಿಂದ ತಟ್ಟುತ್ತ ಕೂತಿರುತ್ತಿದ್ದಳು. ಹಾವೇರಿಯ ಡಾಕ್ಟರು ಆಟಿಸಂ ಎಂದರು. ವಾರಕ್ಕೆ ಮೂರು ದಿನ ಅಲ್ಲಿನ ತರಬೇತಿ ಕೇಂದ್ರಕ್ಕೆ ಕರೆದುಕೊಂಡು ಬನ್ನಿ ಎಂದರು. ಅಷ್ಟು ದುಃಖದಲ್ಲೂ ಮಾದೇವಿಗೆ ಒಂದು ಸಮಾಧಾನವಿತ್ತು. ಹಾವೇರಿಗೆ ಹೋಗುವುದು ತನ್ನದೇ ಬಸ್ಸು.

ಮೊದಲ ದಿನ ಅತ್ತೆಯನ್ನೂ ಮಗಳನ್ನೂ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿದಳು. ತನಗೆ ಚೆನ್ನಾಗಿ ಬರುವುದನ್ನು ಮಗಳಿಗೆ ತೋರಿಸುವ ಆಸೆಯಾಯಿತು. ಪಕ್ಕದಲ್ಲೇ ನಿಂತು, ನಗುತ್ತ, ಎರಡು ಸಲ ಜೋರಾಗಿ ಸೀಟಿ ಊದಿದಳು.

ತಾರಾ ಕಿವಿ ಮುಚ್ಚಿಕೊಂಡು ಚೀರಿದಳು. ತನ್ನ ಮುಂಗೈಯನ್ನು ತಾನೇ ಕಚ್ಚಿಕೊಂಡಳು. ಅಜ್ಜಿಯ ಸೆರಗಿನ ತುಂಬ ವಾಂತಿ ಮಾಡಿದಳು. ಬಸ್ಸಿನ ಕಣ್ಣುಗಳೆಲ್ಲ ಇತ್ತ ತಿರುಗಿದವು. ತಾಯಿ ಹಗಲೆಲ್ಲ ಬಸ್ಸಿನಲ್ಲಿದ್ದರೆ ಕೂಸು ಹೀಗಾಗದೆ ಇನ್ನು ಹೇಗಾದೀತು ಎಂದು ಯಾರೋ ಹೆಂಗಸು ಅಂದದ್ದು ಮಾದೇವಿಗೆ ಕೇಳಿಸಿತು. ಮುಂದಿನ ಕ್ರಾಸಿನಲ್ಲಿ ಶೇಖವ್ವ ಕೂಸನ್ನು ಎತ್ತಿಕೊಂಡು ಇಳಿದಳು. ಮಾದೇವಿ ಇಳಿಯುವಂತಿರಲಿಲ್ಲ. ಹಿಂದಿನ ಗಾಜಿನಲ್ಲಿ ಅವರಿಬ್ಬರೂ ಚಿಕ್ಕದಾಗುತ್ತ ಹೋಗುವುದನ್ನು ನೋಡುತ್ತ ಟಿಕೆಟ್ ಕೊಟ್ಟಳು.

ಅದಾದ ಮೇಲೆ ತಾರಾಳನ್ನು ಬಸ್ಸಿಗೆ ಹತ್ತಿಸಲಿಲ್ಲ. ಹತ್ತಿಸದಿದ್ದರೆ ತರಬೇತಿ ಇಲ್ಲ. ಮನೆಯಲ್ಲಾದರೂ ತಾಯಿ ಇರಲಿ ಎಂದು ಶೇಖವ್ವ ಹೇಳಿದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

"ನನ್ನ ಮೊಣಕಾಲು ಆಕಿ ಹಿಂದ ಓಡೂದಿಲ್ಲವಾ," ಎಂದಳು. "ಯುಗಾದಿ ತನಕ ನೋಡ್ಕೊಂತೇನಿ. ಆಮ್ಯಾಲೆ ನೀ ನೌಕರಿ ಬಿಡು."

ಮಾದೇವಿ ಒಂದು ಹಾಳೆಯಲ್ಲಿ ರಾಜೀನಾಮೆ ಬರೆದು ಡ್ಯೂಟಿ ಚೀಲದಲ್ಲಿ ಇಟ್ಟುಕೊಂಡಳು. ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟಳು.

ಯುಗಾದಿಗೆ ಎರಡು ತಿಂಗಳಿರುವಾಗ ಡಾಕ್ಟರು ಒಂದು ನಂಬರು ಕೊಟ್ಟರು. ಧಾರವಾಡದ ಸಂಸ್ಥೆಯೊಂದು ಇಂಥ ಮಕ್ಕಳ ತಂದೆತಾಯಂದಿರಿಗೆ ಬುಧವಾರ ಮಧ್ಯಾಹ್ನ ಮೊಬೈಲಿನಲ್ಲಿ ಎಂಟು ವಾರದ ಕೂಟ ನಡೆಸುತ್ತಿತ್ತು. ಮಾತು ಬಾರದ್ದು ಮಗಳಿಗೆ, ಪಾಠ ತನಗ್ಯಾಕೆ ಎಂದುಕೊಂಡಳು ಮಾದೇವಿ. ಆದರೂ ಹಾವೇರಿ ನಿಲ್ದಾಣದಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಲ್ಲುವ ಹೊತ್ತಿಗೆ ಸರಿಯಾಗಿ, ಖಾಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಫೋನು ಹಚ್ಚಿದಳು. ಬಾಬಾಜಾನ ಬಾಗಿಲಲ್ಲಿ ಕಾವಲು ನಿಂತ. ಹತ್ತಲು ಬಂದವರಿಗೆ, "ಸ್ವಲ್ಪ ತಡೀರಿ. ಒಳಗ ಸಾಲಿ ನಡದೈತಿ," ಎಂದ.

ಫೋನಿನಲ್ಲಿ ಆರು ಮುಖಗಳಿದ್ದವು. ನಡೆಸುವವಳು ಶ್ವೇತಾ ಎಂಬ ಆಪ್ತಸಲಹೆಗಾರ್ತಿ. ಅವಳು ಮಕ್ಕಳ ಬಗ್ಗೆ ಮೊದಲು ಕೇಳಲೇ ಇಲ್ಲ. ಮಗು ಅಳುವಾಗ ನಿಮ್ಮ ತಲೆಯೊಳಗೆ ಯಾವ ಮಾತು ಓಡುತ್ತದೆ, ಅದನ್ನು ಹಾಗೇ ಹೇಳಿ ಎಂದಳು.

 ಒಂಬತ್ತು ತಿಂಗಳಿಗೇ ಬಿಟ್ಟು ಹೋದೆ, ಅದಕ್ಕೇ ಹೀಗಾಯಿತು ಎಂದಳು ಮಾದೇವಿ. ಅದು ನಿಜವೆಂದು ಎಷ್ಟು ನಂಬುತ್ತೀರಿ, ನೂರಕ್ಕೆ ಎಷ್ಟು ಎಂದು ಶ್ವೇತಾ ಕೇಳಿದಳು. ನೂರಕ್ಕೆ ನೂರು ಎಂದಳು ಮಾದೇವಿ. ಅದಕ್ಕೆ ಸಾಕ್ಷಿ ಏನು ಎಂದಳು ಶ್ವೇತಾ.

ಆಗ ಸವಣೂರಿನ ದಿಲ್ಶಾದ ಎಂಬ ತಾಯಿ ಮಾತಾಡಿದಳು.

"ಅಕ್ಕಾರ, ನಾ ಮನ್ಯಾಗ ಇರಾಕಿ. ನನ್ನ ಮಗನ್ನ ಒಂದ ದಿನಾನೂ ಬಿಟ್ಟು ಹೋಗಿಲ್ಲರಿ. ಅವನೂ ಹಿಂಗ ಅದಾನ."

ಬಸ್ಸಿನ ಹೊರಗೆ ಬಾಳೆಹಣ್ಣಿನವನು ಕೂಗುತ್ತಿದ್ದ. ಮಾದೇವಿ ಕಿಟಕಿಯತ್ತ ಮುಖ ತಿರುಗಿಸಿ ಅತ್ತಳು. ಅತ್ತು ಮುಗಿಸಿ, ಮೂಗೊರೆಸಿಕೊಂಡು, ಅವಳು ಹೇಳಿದ ಮಾತಿಗೆ ಆರೂ ಮುಖಗಳು ನಕ್ಕವು.

"ಹಂಗಾರ ಈ ವಿಚಾರ ಇಷ್ಟು ದಿನ ಟಿಕೆಟ್ ಇಲ್ದ ಅಡ್ಡಾಡೈತ್ರಿ ಮೇಡಂ. ನಾ ಕಂಡಕ್ಟರ್ ಆಗಿ ಒಮ್ಮೆನೂ ಕೇಳಿಲ್ಲ ನೋಡ್ರಿ."

ಹೆಂಗಸರಿಗೆ ಈಗ ಪ್ರಯಾಣ ಪುಕ್ಕಟೆ. ಆದರೂ ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಹಿಡಿಯಲೇಬೇಕು. ಅಂಥ ಟಿಕೆಟನ್ನು ದಿನಕ್ಕೆ ನೂರಾರು ಹರಿದುಕೊಡುವ ಮಾದೇವಿಗೆ ಶ್ವೇತಾಳ ಪಾಠ ಅಲ್ಲಿಂದ ಮುಂದೆ ತನ್ನ ಕೆಲಸದಂತೆಯೇ ಕಂಡಿತು. ಜನ ನನ್ನನ್ನು ಬೈಯುತ್ತಿದ್ದಾರೆ ಎಂಬ ವಿಚಾರ ತಲೆಗೆ ಹತ್ತಿದರೆ, ಟಿಕೆಟ್ ಎಲ್ಲಿ, ಸಾಕ್ಷಿ ಎಲ್ಲಿ? ತಾರಾ ಎಂದೂ ಏನೂ ಕಲಿಯಲಾರಳು ಎಂಬುದು ಹತ್ತಿದರೆ, ಟಿಕೆಟ್ ಎಲ್ಲಿ? ಕೆಲವು ಇಳಿದು ಹೋದವು. ಕೆಲವು ಮುಂದಿನ ನಿಲ್ದಾಣದಲ್ಲಿ ಮತ್ತೆ ಹತ್ತಿದವು. ಮತ್ತೆ ಕೇಳಿದಳು.

ಮಗಳ ಅಳು ತಾಸುಗಟ್ಟಲೆ ನಿಲ್ಲುವುದಿಲ್ಲ ಎಂದು ಅವಳು ಹೇಳಿದಾಗ, ಗಡಿಯಾರ ನೋಡಿ ಬರೆಯಿರಿ ಎಂದಳು ಶ್ವೇತಾ. ಬರೆಯಲು ಚೀಲದಲ್ಲಿ ಸಿಕ್ಕಿದ್ದು ರಾಜೀನಾಮೆಯ ಹಾಳೆ. ಅದರ ಬೆನ್ನಿಗೆ ಬರೆದಳು: ಹನ್ನೊಂದು ನಿಮಿಷ. ಮರುದಿನ ಹದಿನಾಲ್ಕು. ಆಮೇಲೆ ಒಂಬತ್ತು. ತಾಸು ಒಮ್ಮೆಯೂ ಬರಲಿಲ್ಲ.

ದಿನಕ್ಕೆ ಹತ್ತು ನಿಮಿಷ ಮಗು ಮಾಡುವುದನ್ನೇ ನೀವೂ ಮಾಡಿ, ಏನನ್ನೂ ಕಲಿಸಬೇಡಿ ಎಂಬುದು ನಾಲ್ಕನೆಯ ವಾರದ ಮನೆಗೆಲಸ. ಮಾದೇವಿ ಇನ್ನೊಂದು ಮುಚ್ಚಳ ತಂದು ತಾರಾಳ ಎದುರು ಕೂತು ತಟ್ಟಿದಳು. ಅಭ್ಯಾಸಬಲದಿಂದ ಕೈಗೆ ಬಂದದ್ದು ಎರಡು ಏಟು, ಬಸ್ಸು ಹೊರಡುವ ಲೆಕ್ಕ. ತಾರಾಳ ಬೆರಳು ನಿಂತಿತು. ಅವಳು ಅವ್ವನ ಕೈಯನ್ನು ನೋಡಿದಳು. ಆಮೇಲೆ ತಾನೂ ತಟ್ಟಿದಳು, ಎರಡು.

ಅಡಿಗೆಮನೆಯಿಂದ ನೋಡುತ್ತಿದ್ದ ಶೇಖವ್ವ ಕೈಯಲ್ಲಿದ್ದ ರೊಟ್ಟಿಯ ಹಿಟ್ಟನ್ನು ಹಾಗೇ ಹಿಡಿದು ನಿಂತಳು.

ಅಲ್ಲಿಂದ ಮನೆಯ ತೊಲೆಗೆ ಕಟ್ಟಿದ ಸೀರೆಯ ಜೋಕಾಲಿ ಬಸ್ಸಾಯಿತು. ಎರಡು ತಟ್ಟಿದರೆ ಹೊರಡಬೇಕು, ಒಂದು ತಟ್ಟಿದರೆ ನಿಲ್ಲಬೇಕು. ಹತ್ತು ದಿನದಲ್ಲಿ ತಾರಾ ಅಜ್ಜಿಯನ್ನೇ ದುಡಿಸತೊಡಗಿದಳು.

ಹೆದರಿಕೆಯನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆಯಿರಿ ಎಂದು ಶ್ವೇತಾ ಹೇಳಿದ್ದಳು. ಅದು ತಾರಾಳ ಹೆದರಿಕೆಯಷ್ಟೇ ಅಲ್ಲ, ತನ್ನದೂ ಎಂದು ಮಾದೇವಿಗೆ ಗೊತ್ತಿತ್ತು. ಮೊದಲು ರಜೆಯ ದಿನ ನಿಂತ ಬಸ್ಸಿನಲ್ಲಿ ಐದು ನಿಮಿಷ ಕೂತರು. ಆಮೇಲೆ ಎಂಜಿನ್ ಚಾಲೂ ಆದ ಬಸ್ಸಿನಲ್ಲಿ. ಆಮೇಲೆ ಮೊದಲ ಕ್ರಾಸಿನವರೆಗೆ. ಸೀಟಿಯ ಮಾತು ಬಂದಾಗ ಬಾಬಾಜಾನ, ತಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಎಷ್ಟೋ ಕಂಡಕ್ಟರುಗಳು ತಗಡು ಬಡಿದೇ ಗಾಡಿ ಬಿಡಿಸುತ್ತಿದ್ದರು, ತನ್ನ ಕಿವಿ ಇನ್ನೂ ನೆಟ್ಟಗಿದೆ ಎಂದ.

ಯುಗಾದಿಗೆ ಆರು ದಿನ ಉಳಿದಿದ್ದಾಗ ಒಂಬತ್ತೂ ಹತ್ತರ ಬಸ್ಸಿಗೆ ತಾರಾ ಟಿಕೆಟ್ಟಿಲ್ಲದ ಸಣ್ಣ ಪ್ರಯಾಣಿಕಳಾಗಿ ಹತ್ತಿದಳು. ಅದೇ ಸೀಟು, ಪಕ್ಕದಲ್ಲಿ ಅಜ್ಜಿ. ಆ ದಿನ ಹಾವೇರಿಯವರೆಗೆ ಹೋಗಲಾಗದಿದ್ದರೆ ಸಂಜೆ ಡಿಪೋದಲ್ಲಿ ಹಾಳೆ ಕೊಡುವುದೆಂದು ಮಾದೇವಿ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದಳು.

ಅರ್ಧ ದಾರಿಯ ಕ್ರಾಸಿನಲ್ಲಿ ನಿಶ್ಚಿತಾರ್ಥಕ್ಕೆ ಹೊರಟ ಮೂವತ್ತು ಹೆಂಗಸರು ಒಮ್ಮೆಲೇ ಹತ್ತಿದರು. ಮಾದೇವಿ ಹಿಂದೆ ಸಿಕ್ಕಿಕೊಂಡಳು. ಮುಂದೆ ಮಗಳು ಕಾಣುತ್ತಿರಲಿಲ್ಲ. ಈಗ ಚೀರುತ್ತಾಳೆ, ಈಗ ಎಲ್ಲರೂ ನೋಡುತ್ತಾರೆ ಎಂಬ ವಿಚಾರ ಹತ್ತಿ ಕೂತಿತು. ಮಾದೇವಿ ಟಿಕೆಟ್ ಕೇಳಿದಳು. ಅದು ಇಳಿಯಲಿಲ್ಲ. ಇರಲಿ ಎಂದು ಮುಂದಿನವರ ಆಧಾರ್ ನೋಡಿದಳು.

ಅಷ್ಟರಲ್ಲಿ ಗದ್ದಲದ ನಡುವೆ ಮುಂದಿನಿಂದ ಸದ್ದು ಬಂತು. ಟಕ್, ಟಕ್.

ಬಾಬಾಜಾನ ಕನ್ನಡಿಯಲ್ಲಿ ಹಿಂದೆ ನೋಡಿದ. "ತಂಗೆವ್ವಾ, ಏನ್ ಮಾಡ್ಲಿ? ದೊಡ್ಡ ಕಂಡಕ್ಟರು ರೈಟ್ ಅಂದಾರ."

ಮಾದೇವಿ ಹಿಂದಿನಿಂದಲೇ ಕೂಗಿದಳು. "ಆಕಿ ಅಂದಮ್ಯಾಲೆ ಮುಗೀತು. ಬಿಡ್ರಿ ಅಣ್ಣಾರ."

ಬಸ್ಸು ಹೊರಟಿತು. ಹುಟ್ಟಿದಾರಭ್ಯ ಒಂದೂ ಮಾತಾಡದ ಹುಡುಗಿ ಹೇಳಿದ್ದನ್ನು ಎಪ್ಪತ್ತು ಮಂದಿ ತುಂಬಿದ ಬಸ್ಸೊಂದು ಕೇಳಿತು. ತಾರಾ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಓಡುವ ಗಿಡಗಳನ್ನು ನೋಡುತ್ತಿದ್ದಳು. ಅಜ್ಜಿ ಅಳುತ್ತಿದ್ದಳು. ನಿಶ್ಚಿತಾರ್ಥದ ಹೆಂಗಸೊಬ್ಬಳು ಏನೂ ತಿಳಿಯದೆ ತಾರಾಳ ಉಡಿಗೆ ಎರಡು ಪೇಡೆ ಹಾಕಿದಳು.

ಹಾವೇರಿಯಿಂದ ವಾಪಸು ಬರುವಾಗ ತಾರಾ ಹದಿನೇಳು ನಿಮಿಷ ಅತ್ತಳು. ಮಾದೇವಿ ಗಡಿಯಾರ ನೋಡಿ ಹಾಳೆಯ ಬೆನ್ನಿಗೆ ಬರೆದಳು. ಅಂದು ಡಿಪೋದಲ್ಲಿ ಆ ಹಾಳೆ ಚೀಲದಿಂದ ಹೊರಗೆ ಬರಲಿಲ್ಲ.

ಈಗ ತಾರಾಳಿಗೆ ನಾಲ್ಕು ದಾಟಿದೆ. ಮಾತು ಇನ್ನೂ ಬಂದಿಲ್ಲ. ಬೇಕಾದ್ದನ್ನು ಚಿತ್ರ ತೋರಿಸಿ ಕೇಳುತ್ತಾಳೆ. ಕೂಟ ಮುಗಿದರೂ ಬುಧವಾರ ದಿಲ್ಶಾದ ಫೋನು ಮಾಡುತ್ತಾಳೆ. ಇವತ್ತು ತಲೆಯಿಂದ ಟಿಕೆಟ್ಟಿಲ್ಲದ ಎಷ್ಟು ಮಂದಿಯನ್ನು ಇಳಿಸಿದಿರಿ ಎಂದು ಇಬ್ಬರೂ ನಗುತ್ತಾರೆ.

ಮೊನ್ನೆ ಸೋಮವಾರ ಬಸ್ಸು ಬಿಡಲು ಇನ್ನೂ ಎರಡು ನಿಮಿಷವಿತ್ತು. ಮಾದೇವಿ ಅತ್ತೆಯ ಸೀಟಿನ ಪಕ್ಕ ನಿಂತು ಟಿಕೆಟ್ ಹರಿಯುತ್ತಿದ್ದಳು. ಮೊಮ್ಮಗಳ ಜಡೆ ಸರಿಮಾಡುತ್ತಿದ್ದ ಶೇಖವ್ವನಿಗೆ ಏನು ನೆನಪಾಯಿತೋ, ತಲೆ ಎತ್ತದೆ ಕೇಳಿದಳು.

"ಅಲ್ಲವಾ, ನೌಕರಿ ಬಿಡ್ತೇನಿ ಅಂತ ಒಂದ ಹಾಳಿ ಬರದಿಟ್ಟಿದ್ದೆಲ್ಲ. ಅದನ್ನ ಏನ ಮಾಡಿದಿ?"

"ಅದಾ ಅತ್ತಿ," ಎಂದು ಮಾದೇವಿ ನಕ್ಕಳು. "ಅದರಾಗ ಜಾಗಾನ ಉಳದಿಲ್ಲ. ಹಿಂದ ಮುಂದ ಎಲ್ಲಾ ಕಡೆ ಈಕಿ ಅತ್ತ ನಿಮಿಷ..."

ಟಕ್, ಟಕ್.

ಮಾದೇವಿ ಮಾತನ್ನು ಅಲ್ಲೇ ಬಿಟ್ಟು, ಬಾಗಿಲು ಹಾಕಲು ಹಿಂದಕ್ಕೆ ನಡೆದಳು.