ಹಂಡೆಯ ಅಂಚಿಗೆ ಮೆತ್ತಿದ್ದ ಹಿಟ್ಟು

ಖಾಸಿಂ ಭಾಯ್, ನೀವು ಮಾಡಿಕೊಟ್ಟ ಹಂಡೆ ತಾನಾಗಿ ಸಿಡಿಯಲಿಲ್ಲ. ಅದು ಸಿಡಿಯುವಂತೆ ಮಾಡಿದವಳು ನಾನು. ಬೆಸುಗೆ ಬಿಟ್ಟಿತೆಂದು ಊರ ಮುಂದೆ ಹೇಳಿ ನಿಮ್ಮ ಹೆಸರು ಕೆಡಿಸಿದವಳೂ ನಾನೇ.

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಏಕೆಂದರೆ ಈ ಕಾಗದವನ್ನು ಬೇರೆಯವರೂ ಓದಬೇಕು.

ಊರೂರಿನ ಗಿಡ, ಹುಲ್ಲುಗಳಿಂದ ಸುಗಂಧ ತಯಾರಿಸುವ ಫ್ರಾನ್ಸಿನ ಒಂದು ಕಂಪನಿಗೆ ನಮ್ಮ ನನ್ನಿವಾಳದ ಕಡೆಯ ವಾಸನೆ ಹುಲ್ಲು ಬೇಕಾಗಿತ್ತು. ಬಲಿತ ಮೇಲೆ ದನ ಮೂಸಿ ಬಿಟ್ಟುಬಿಡುವ, ಅಂಗೈಯಲ್ಲಿ ಉಜ್ಜಿದರೆ ನಿಂಬೆಯಂತೆ ಘಮ್ಮೆನ್ನುವ ಹುಲ್ಲು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಚಳ್ಳಕೆರೆಯಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ಅವರು ಹುಡುಕಿಕೊಂಡು ಬಂದರು. ದನ ಕಾಯುವ ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲ ಹೆಣ್ಣು ನಾನು. ನನ್ನ ಹಿಗ್ಗು ಕೇಳಬೇಕೆ? ಹುಲ್ಲು ಕೊಯ್ಯಲು ಚಿಕ್ಕವ್ವ ಪಾಲವ್ವನನ್ನು ಒಪ್ಪಿಸಿದೆ. ಎಣ್ಣೆ ಇಳಿಸುವ ಹಂಡೆಗೆ ನಿಮ್ಮ ಬಳಿ ಬಂದೆ. ಗಿರಣಿಯ ಬಾಯ್ಲರ್ ಕೆಟ್ಟರೆ ಚಳ್ಳಕೆರೆಯವರು ಮೊದಲು ಕರೆಯುತ್ತಿದ್ದುದು ನಿಮ್ಮನ್ನೇ.

ಚಿಕ್ಕವ್ವನ ಹೊಲದಲ್ಲಿ ನೀವು ಹಂಡೆಯನ್ನು ಒಲೆಯ ಮೇಲೆ ಕೂರಿಸಿದಿರಿ. ಮುಚ್ಚಳದಿಂದ ಹೊರಟ ಕೊಳವೆ ತಣ್ಣೀರಿನ ಡ್ರಮ್ಮಿನೊಳಗೆ ಹಾದು ಹೊರಗೆ ಬರುತ್ತಿತ್ತು. ಆಮೇಲೆ ಗೋಧಿ ಹಿಟ್ಟು ಕಲಸಿ ಮುಚ್ಚಳದ ಅಂಚಿಗೆ ಸುತ್ತಲೂ ಮೆತ್ತಿದಿರಿ.

“ಹಿಟ್ಟಾ?” ಎಂದೆ.

“ಬಿರಿಯಾನಿಗೆ ದಮ್ ಕಟ್ಟಲ್ವೇನ್ರಿ ಮೇಡಂ, ಹಂಗೇ. ಒಳಗೆ ಜೋರಾದ್ರೆ ಮೊದ್ಲು ಹಿಟ್ಟು ಬಿಡ್ತೈತೆ. ಬಿಡ್ಲಿ. ಅದು ಇರೋದೇ ಬಿಡಾಕೆ.”

“ಹಂಗಾರೆ ಬೆಂದ್ಮೇಲೆ ನಂಗೂ ಒಂದ್ ತಟ್ಟೆ ಹಾಕ್ರಿ ಸಾಬ್ರೆ,” ಎಂದು ಚಿಕ್ಕವ್ವ ನಕ್ಕಳು.

“ನಿಮ್ಮೆತ್ತು ತಿಂದು ಒಪ್ಪಿದ್ರೆ ಹಾಕ್ತೀನಿ ತಾಯಿ.”

ಮೊದಲ ದಿನ ಹಿಟ್ಟಿನ ಒಂದೆರಡು ಕಡೆ ಆವಿ ಸುಸ್ಸೆಂದು ಸೋರಿತು. ಕಂಪನಿಯಿಂದ ಬಂದಿದ್ದ ಹೆಂಗಸು ಬಗ್ಗಿ, ಹಿಟ್ಟನ್ನು ಬೆರಳಿನಿಂದ ಒತ್ತಿ, ಫೋಟೊ ತೆಗೆದು ನಕ್ಕಳು. ನಮ್ಮನ್ನು ಆಡಿಕೊಂಡು ನಗುತ್ತಿದ್ದಾಳೆ ಅಂದುಕೊಂಡೆ. ಅವಳೆದುರು ನನ್ನ ಓದು, ನನ್ನ ಇಂಗ್ಲಿಷು, ಎಲ್ಲವೂ ಆ ಹಿಟ್ಟಿನ ಮುದ್ದೆಯಲ್ಲಿ ಮುಚ್ಚಿಹೋದಂತೆ —

ಮರುದಿನ ಬೆಳಿಗ್ಗೆ ನೀವು ಡ್ರಮ್ಮಿಗೆ ಹೊಸ ನಲ್ಲಿ ತರಲು ಚಳ್ಳಕೆರೆಗೆ ಹೋದಿರಿ. ಆ ಹೊತ್ತಿನಲ್ಲಿ ನಾನು ಹಿಟ್ಟನ್ನೆಲ್ಲ ಕೆರೆದು ತೆಗೆದೆ. ಪೈಪು ಸೋರಿದರೆ ಹಚ್ಚುವ, ಒಣಗಿದರೆ ಕಲ್ಲಾಗುವ ಅಂಟನ್ನು ಮೆತ್ತಿದೆ. ಸಾಲದೆಂದು ಮುಚ್ಚಳವನ್ನು ತಂತಿಯಿಂದ ಬಿಗಿದೆ. ಯಾರಿಗೂ ಹೇಳಲಿಲ್ಲ. ಆವಿಗೆ ದಾರಿ ಬೇಕೆಂಬುದು ನನಗೆ ಗೊತ್ತಿರಲಿಲ್ಲವೆ? ಕೊಳವೆ ಇದೆಯಲ್ಲ ಅಂದುಕೊಂಡೆ. ಅದರಲ್ಲಿ ಹುಲ್ಲಿನ ಚೂರು ಕಟ್ಟಿಕೊಂಡೀತೆಂದು —

ಅಂಟು ಒಣಗಿದೊಡನೆ, ನೀವು ಬರುವ ಮೊದಲೇ ಒಲೆ ಹಚ್ಚಿಸಿದೆ. ಸ್ವಲ್ಪ ಹೊತ್ತಿಗೆ ಕೊಳವೆಯ ತುದಿಯಲ್ಲಿ ಹನಿ ಬೀಳುವುದು ನಿಂತಿತು. ಹಂಡೆ ಸಣ್ಣಗೆ ಗುಂಯ್‌ಗುಡತೊಡಗಿತು.

“ಯಾಕವ್ವ, ತೊಟ್ಟಿಕ್ಕದು ನಿಂತೈತೆ?” ಎಂದಳು ಚಿಕ್ಕವ್ವ.

“ಉರಿ ಸಾಲ್ದು. ಇನ್ನೆರಡು ಕಟ್ಟಿಗೆ ಇಡು,” ಎಂದೆ.

ಅವಳು ಬಗ್ಗಿದಳು. ಆಮೇಲಿನ ಸದ್ದು, ಬಿಳಿ ಆವಿ, ಅದರೊಳಗಿಂದ ಅವಳ ಕೂಗು. ಇವು ನನ್ನಲ್ಲಿ ಇನ್ನೂ ಮುಗಿದಿಲ್ಲ. ಈಗಲೂ ಮನೆಯಲ್ಲಿ ಕುಕ್ಕರ್ ಕೂಗುವ ಮೊದಲೇ ನಾನು ಅಂಗಳಕ್ಕೆ ಬಂದುಬಿಡುತ್ತೇನೆ. ಪ್ರತಿ ಸಲವೂ ಮನಸ್ಸಿನಲ್ಲಿ ಅವಳನ್ನು ಹಿಂದಕ್ಕೆ ಎಳೆಯುತ್ತೇನೆ. ಪ್ರತಿ ಸಲವೂ ಅವಳು ಬಗ್ಗುತ್ತಾಳೆ.

ಚಿಕ್ಕವ್ವನನ್ನು ಆಸ್ಪತ್ರೆಗೆ ಒಯ್ದ ಮೇಲೆ ಹೊಲದಲ್ಲಿ ಅರ್ಧ ಊರು ನೆರೆದಿತ್ತು. ನೀವು ನಲ್ಲಿ ಹಿಡಿದುಕೊಂಡು ಬಂದಿರಿ. ದೂರ ಬಿದ್ದಿದ್ದ ಮುಚ್ಚಳ ಎತ್ತಿ, ಅಂಚಿನ ಅಂಟಿನ ಮೇಲೆ ಹೆಬ್ಬೆರಳು ಆಡಿಸಿದಿರಿ.

“ಇದು ನಾನು ಹಾಕಿದ್ದಲ್ಲ. ನಾನು ಹಿಟ್ಟು ಮೆತ್ತಿದ್ದೆ.”

“ಹಿಟ್ಟಂತೆ ಕಣ್ರಲೇ,” ಎಂದ ಯಾರೋ. “ಬಾಯ್ಲರ್ ಮಾಡಾಕ್ ಬಂದಿದ್ನೋ, ಬಿರಿಯಾನಿ ಮಾಡಾಕೋ?”

ನೀವು ನನ್ನ ಕಡೆ ತಿರುಗಿದಿರಿ. “ನೀವು ಇಲ್ಲೇ ಇದ್ರಲ್ಲ ಮೇಡಂ. ನೀವೇ ಹೇಳ್ರಿ.”

“ಬೆಸುಗೆ ಬಿಡ್ತು,” ಎಂದೆ.

ಮುಚ್ಚಳ ಹಾರಿದ್ದರ ಜೊತೆಗೆ ಹಂಡೆ ಬೆಸುಗೆಯ ಕಡೆ ಬಿರಿದೂ ಇತ್ತು. ಅಷ್ಟು ನಿಜದ ಹಿಂದೆ ನಾನು ಅಡಗಿ ಕುಳಿತೆ. ನಿಮಗೆ ಆಗಲೇ ಗೊತ್ತಾಗಿತ್ತು, ಅಲ್ಲವೆ? ಗೊತ್ತಾಗಿಯೂ, ನಾನೇ ಹೇಳಲಿ ಎಂದು ಕಾದಿರಿ.

ಚಿಕ್ಕವ್ವನ ಸುಟ್ಟ ಬಲಗೈಯ ಚರ್ಮ ಕೂಡಿತು, ಆದರೆ ಬೆರಳು ಮಡಚಲು ಬರಲಿಲ್ಲ. ಕುಡುಗೋಲು ಹಿಡಿಯಲಾಗದ ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಮ್ಮ ಅಂಗಡಿಗೆ ಬಂದಳು. ಎಡಗೈಯಲ್ಲಿ ಬೀದಿಯ ಮಣ್ಣು ಬಾಚಿ ನಿಮ್ಮ ಮೇಲೆ ತೂರಿ, “ನನ್ನ ಕೈ ತಿಂದೋನೆ, ನಿನ್ನ ಕೈಕಸುಬು ಮಣ್ಣಾಗ್ಲಿ,” ಎಂದು ಶಾಪ ಹಾಕಿದಳು. ನಾನು ಅವಳ ಹಿಂದೆಯೇ ನಿಂತಿದ್ದೆ. ಗಿರಣಿಯವರು ನಿಮ್ಮನ್ನು ಕರೆಯುವುದು ಬಿಟ್ಟರು. ಆ ವರ್ಷವೇ ನಿಮ್ಮ ಅಂಗಡಿಯ ಬೋರ್ಡು ಇಳಿಯಿತು.

ಮೊಳಕಾಲ್ಮೂರಿನ ಕಾಲೇಜಿಗೆ ಕೆಲಸಕ್ಕೆ ಬಂದ ಮೇಲೆ ನಿಮ್ಮನ್ನು ಮತ್ತೆ ಕಂಡೆ, ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ ಪಂಕ್ಚರ್ ಹಾಕುತ್ತಿದ್ದಿರಿ. “ಆರಾಮಿದ್ದೀರಾ ಮೇಡಂ? ಚಿಕ್ಕಮ್ಮನ ಕೈ ಹೆಂಗೈತೆ?” ಎಂದು ನೀವೇ ಮೊದಲು ಮಾತಾಡಿಸಿದಿರಿ. ಬಸ್ಸಿಗೆ ಹೊತ್ತಾಯಿತೆಂದೆ. ಆಗ ಯಾವ ಬಸ್ಸೂ ಇರಲಿಲ್ಲ. ಅಂದಿನಿಂದ ಆ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದೇನೆ.

ಕಳೆದ ತಿಂಗಳು ಕಂಪನಿಯ ಆ ಹೆಂಗಸಿನ ಕಾಗದ ಬಂತು. ಬೇರೆ ಕಡೆಯ ಹುಲ್ಲಿನಿಂದ ಸುಗಂಧ ಕೊನೆಗೂ ತಯಾರಾಗಿದೆಯಂತೆ. ಪಾಲವ್ವನ ಕೈ ಹೇಗಿದೆ ಎಂದು ಕೇಳಿದ್ದಳು. ಕೊನೆಯಲ್ಲಿ ಇನ್ನೊಂದು ಮಾತು ಬರೆದಿದ್ದಳು: ತನ್ನ ಅಜ್ಜನೂ ಹೂವಿನ ಹಂಡೆಗೆ ಹೀಗೆಯೇ ಹಿಟ್ಟು ಮೆತ್ತುತ್ತಿದ್ದ, ಅಷ್ಟು ದೂರದ ಊರಿನಲ್ಲಿ ಅದನ್ನು ಕಂಡು ಅಂದು ಸಂತೋಷ ತಡೆಯಲಾಗಲಿಲ್ಲ, ಎಂದು.

ಅವಳು ನಮ್ಮನ್ನು ನೋಡಿ ನಕ್ಕಿರಲಿಲ್ಲ. ನಮ್ಮವರನ್ನು ಕಂಡು ನಾಚಿದವಳು ನಾನೊಬ್ಬಳೇ.

ನನ್ನಿವಾಳಕ್ಕೆ ಹೋಗಿ ಚಿಕ್ಕವ್ವನಿಗೆ ಎಲ್ಲ ಹೇಳಿದೆ. “ನನ್ ಕೈ ಹೋದ್ರೆ ಹೋಗ್ಲಿ,” ಎಂದಳು. “ತಪ್ಪಿಲ್ದೋನ ಮ್ಯಾಲೆ ನನ್ನ ಕೈಯಾಗೆ ಮಣ್ಣು ತೂರಿಸ್ದೆಯಲ್ಲೇ.” ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಖಾಸಿಂ ಭಾಯ್, ಸುಳ್ಳು ಹೇಳಿದ್ದು ಊರ ಮುಂದೆ. ನಿಜವನ್ನು ನಿಮ್ಮೊಬ್ಬರಿಗೆ ಬರೆದು ಕೈತೊಳೆದುಕೊಂಡರೆ ಆಗದು. ಬರುವ ಭಾನುವಾರ ನನ್ನಿವಾಳದಲ್ಲಿ ಊರು ಸೇರುವ ಕಟ್ಟೆಯ ಮುಂದೆ ನಿಂತು ಹೇಳುತ್ತೇನೆ. ಆಮೇಲೆ ನಿಮ್ಮನ್ನು ಕರೆಯುವುದು ಬಿಟ್ಟ ಒಂದೊಂದು ಗಿರಣಿಯ ಬಾಗಿಲಿಗೂ ಹೋಗಿ ಹೇಳುತ್ತೇನೆ. ನೀವು ಬರಬೇಕಾಗಿಲ್ಲ. ಮನ್ನಿಸಿ ಎಂದು ನಾನು ಕೇಳುವುದೂ ಇಲ್ಲ.

ಆದರೆ ಒಮ್ಮೆ ಸುಳ್ಳಾಡಿದ ಬಾಯಿ ಇದು. ನಾನೇ ಇದನ್ನು ನಂಬಲಾರೆ. ಅದಕ್ಕೆಂದೇ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೇನೆ. ಭಾನುವಾರ ನಾನು ಹೇಳದೆ ಹಿಂದಿರುಗಿದೆನೆಂದು ತಿಳಿದರೆ, ಈ ಕಾಗದವನ್ನು ನೀವೇ ಆ ಕಟ್ಟೆಯ ಮೇಲೆ ಯಾರಿಂದಲಾದರೂ ಗಟ್ಟಿಯಾಗಿ ಓದಿಸಿ.