ಖಂಡೇಪೂಜೆಗೆ ತೊಳೆದ ಯಂತ್ರ

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಬಿಜಾಪುರದ ಒಂದು ಕಾಲೇಜಿನ ಸಿವಿಲ್ ವಿಭಾಗದಲ್ಲಿ ಕಿರಿಯ ಅಧ್ಯಾಪಕನಾಗಿದ್ದೆ. ಮಣ್ಣಿನ ಪ್ರಯೋಗಾಲಯ ನನ್ನ ಸುಪರ್ದಿಯಲ್ಲಿತ್ತು. ಎರೆಮಣ್ಣು ನೀರು ಕುಡಿದರೆ ಎಷ್ಟು ಉಬ್ಬುತ್ತದೆ ಎಂದು ಅಳೆಯುವ ಯಂತ್ರಗಳು ಅಲ್ಲಿ ಎರಡಿದ್ದವು. ಒಂದು ಕೆಟ್ಟು ಮೂಲೆ ಸೇರಿತ್ತು. ಅದರ ಬಿಡಿಭಾಗಕ್ಕೆಂದು ಬರೆದ ಪತ್ರಗಳಿಗೆ ಉತ್ತರ ಬಂದಿರಲಿಲ್ಲ.

ಉಳಿದ ಒಂದರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರ ಪಿಎಚ್‌ಡಿ ಕೂತಿತ್ತು. ಅವರು ನಿಡೋಣಿಯವರು. ಬಬಲೇಶ್ವರದ ಸುತ್ತ ಎರೆಭೂಮಿಯ ಮೇಲೆ ಕಟ್ಟಿದ ಗೋಡೆಗಳು ಬಿರಿಯುವುದನ್ನು ನೋಡುತ್ತಲೇ ಬೆಳೆದವರು. ಸುಣ್ಣ ಬೆರೆಸಿದ ಮಣ್ಣು ವರ್ಷವಿಡೀ ತೋಯಿಸಿ ಒಣಗಿಸಿದರೂ ಉಬ್ಬದೆ ಉಳಿಯುತ್ತದೆಯೇ ಎಂಬುದು ಅವರ ಪ್ರಶ್ನೆ. ಹಿತ್ತಾಳೆಯ ಉಂಗುರದೊಳಗೆ ಮಣ್ಣಿನ ಬಿಲ್ಲೆ, ಅದರ ಮೇಲೆ ತೂಕ, ಮೇಲ್ಗಡೆ ಗಡಿಯಾರದಂಥ ಮಾಪಕ. ಪ್ರತಿ ಸೋಮವಾರ ಮುಳ್ಳು ಎಲ್ಲಿದೆ ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಹನ್ನೊಂದು ತಿಂಗಳಾಗಿತ್ತು, ಒಂದು ಉಳಿದಿತ್ತು. ಮುಂದಿನ ಬೇಸಿಗೆಗೆ ಅವರ ಮಾರ್ಗದರ್ಶಕರು ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಪ್ರಬಂಧ ಕೊಡಬೇಕಿತ್ತು. ಆಮೇಲೆ ನೋಡಬೇಕೆಂದು ತಂದಿಟ್ಟ ತಿಕೋಟಾದ ಮಣ್ಣಿನ ಚೀಲ ಯಂತ್ರದ ಮೇಜಿನ ಕೆಳಗಿತ್ತು.

ಮಹಾನವಮಿಗೆ ಊರಿಗೆ ಹೊರಟಾಗ ಅವರು ನನಗೆ ಹೇಳಿದ್ದು ಒಂದೇ ಮಾತು.

“ಖಂಡೇಪೂಜಿ ಗದ್ದಲದಾಗ ಆ ಮೇಜಿಗೆ ಯಾರೂ ಕೈ ಹಚ್ಚದಂಗ ನೋಡ್ಕೋರಿ.”

“ನೀವು ಹೋಳಗಿ ಉಂಡು ಬರ್ರಿ ಸರ್, ನಾ ಅದೀನಿ,” ಅಂದೆ.

ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಪ್ರಯೋಗಾಲಯದ ಯಂತ್ರಗಳನ್ನೆಲ್ಲ ತೊಳೆದು, ಎಣ್ಣೆ ಹಚ್ಚಿ ಪೂಜಿಸುವುದು ನಮ್ಮ ರೂಢಿ. ತೊಳೆಯುವವರು ಅಟೆಂಡರ್. ಅವರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದೆವು. ಯಾವ ಯಂತ್ರಕ್ಕೆ ಎಲ್ಲಿ ಕುಂಕುಮ ಹಚ್ಚಬೇಕೆಂಬುದೂ ಅವರಿಗೇ ಗೊತ್ತು. ಹನ್ನೊಂದು ತಿಂಗಳು ಆ ಮೇಜನ್ನು ಕಾದವರೂ ಅವರೇ. ವಿದ್ಯಾರ್ಥಿಗಳು ಹತ್ತಿರ ಸುಳಿದರೆ, “ದೂರ ನಿಲ್ರಲೇ, ನಿಮ್ಮ ಉಸಿರಿಗೆ ಮುಳ್ಳ ಹಾರ್ತೈತಿ!” ಎಂದು ಗದರುತ್ತಿದ್ದರು.

ಪೂಜೆಯ ಹಿಂದಿನ ದಿನ ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಚಾಚಾ ಬಾಗಿಲಲ್ಲಿ ನಿಂತು ಕೇಳಿದರು.

“ಎಲ್ಲಾ ತೊಳೀಲ್ರಿ, ಸಾಹೇಬ್ರ?”

“ಎಲ್ಲಾ ತೊಳೀರಿ. ಒಂದೂ ಬಿಡಬ್ಯಾಡ್ರಿ.”

ತಲೆ ಎತ್ತದೆ ಹೇಳಿದೆ. ಮರುದಿನ ಮಂಗಳಾರತಿಯ ಹೊತ್ತಿಗೆ ಹೋದಾಗ ಯಂತ್ರಗಳೆಲ್ಲ ಚೆಂಡುಹೂವಿನಡಿ ಮುಚ್ಚಿಹೋಗಿದ್ದವು. ಆ ಮೇಜಿನತ್ತ ನಾನು ನೋಡಲಿಲ್ಲ.

ಸೋಮವಾರ ಹಿರಿಯರು ನೋಟ್‌ಬುಕ್ ಹಿಡಿದು ಬಂದರು. ಉಂಗುರ ಥಳಥಳಿಸುತ್ತಿತ್ತು. ಮುಳ್ಳು ಸೊನ್ನೆಯ ಮೇಲಿತ್ತು. ಚಾಚಾ ಅವರಿಗಾಗಿ ತೆಗೆದಿಟ್ಟಿದ್ದ ಕೊಬ್ಬರಿ, ಸಕ್ಕರೆ ತಂದರು. ಅವರು ಎರಡೂ ಕೈಯೊಡ್ಡಿ ಪ್ರಸಾದ ತೆಗೆದುಕೊಂಡರು. ಬಾಯಿಗೆ ಹಾಕಿಕೊಳ್ಳಲಿಲ್ಲ.

“ಇದರಾಗಿನ ಮಣ್ಣ ಎಲ್ಲೈತಿ, ಚಾಚಾ?”

“ಕೆಲಸ ಮುಗೀತಂತ ತಿಳ್ದು ಗುಲಾಬಿ ಬುಡಕ್ಕ ಹಾಕೀನ್ರಿ. ಚಲೋ ಎರಿ ಮಣ್ಣ, ಒಗಿಯಾಕ ಮನಸ್ಸಾಗ್ಲಿಲ್ಲ. ವರ್ಷಕ್ಕೊಮ್ಮೆ ಇದಕ್ಕೂ ಮೈ ತೊಳೀಬೇಕಲ್ರಿ…”

ಹಿರಿಯರ ಮುಖ ನೋಡಿ ಚಾಚಾ ಕೊಬ್ಬರಿಯ ತಟ್ಟೆ ಕೆಳಗಿಟ್ಟರು.

“ತೊಳೀರಿ ಅಂತ ಯಾರು ಹೇಳಿದ್ರು?”

ಚಾಚಾ ಒಮ್ಮೆ ನನ್ನತ್ತ ನೋಡಿದರು.

“ಯಾರೂ ಹೇಳಿಲ್ರಿ. ನನ್ನ ಬುದ್ಧಿಗೇ ಮಣ್ಣ ಬಿತ್ತು.”

ನಾನು ಅಲ್ಲೇ ನಿಂತಿದ್ದೆ. ಹಿರಿಯರು ಕುರ್ಚಿ ಎಳೆದು ಕೂತು, ದಿನಾಂಕ ಬರೆದು, ಅದರ ಮುಂದೆ ಗೆರೆ ಎಳೆದರು. ಮೂಲೆಯ ಯಂತ್ರ ರಿಪೇರಿಯಾಗಿದ್ದಿದ್ದರೆ ಅದರಲ್ಲಿ ಇನ್ನೊಂದು ಬಿಲ್ಲೆ ಉಳಿದಿರುತ್ತಿತ್ತು. ಅದೂ ಆಗಿರಲಿಲ್ಲ. ಬೇಸಿಗೆಗೆ ಮಾರ್ಗದರ್ಶಕರು ನಿವೃತ್ತರಾದರು. ಹೊಸ ಬಿಲ್ಲೆ ಹಾಕುವ ಮಾತನ್ನು ಹಿರಿಯರು ಎತ್ತಲಿಲ್ಲ. ತಿಕೋಟಾದ ಮಣ್ಣಿನ ಚೀಲವನ್ನು ಇಲಿಗಳು ಕಡಿದುಹಾಕಿದವು.

ಮರುವರ್ಷ ಖಂಡೇಪೂಜೆ ಬಂತು. ಚಾಚಾ ನನ್ನನ್ನು ಕೇಳಲಿಲ್ಲ. ನೇರವಾಗಿ ಹಿರಿಯರ ಮುಂದೆ ಹೋಗಿ ನಿಂತು, “ಈ ಸಲ ಏನೇನ್ ತೊಳೀಲ್ರಿ?” ಅಂದರು.

“ಎಲ್ಲಾ ತೊಳೀರಿ, ಚಾಚಾ,” ಅಂದರು ಅವರು. “ಇನ್ನ ಏನೈತಿ ಅದರಾಗ.”