ಹೌದೆಂದರೆ ತೆರೆಯದ ಬಾಗಿಲು

ಡೆಲ್ಚೊ ಮೂವತ್ತೊಂದು ವರ್ಷ ರೈಲಿನ ಎಂಜಿನ್ ಓಡಿಸಿದವನು. ಬಾಲ್ಕನ್ ಬೆಟ್ಟದ ಸುರಂಗಗಳಲ್ಲಿ, ಹಿಮ ಕೂತ ಹಳಿಗಳ ಮೇಲೆ, ನಿದ್ದೆ ಹೋದ ನಾನೂರು ಜನರನ್ನು ಹಿಂದೆ ಕಟ್ಟಿಕೊಂಡು ಹೋಗಿ ಸುರಕ್ಷಿತವಾಗಿ ಇಳಿಸಿದವನು. ಅಂಥವನು ಗೋರ್ನಾ ಎಂಬ ಊರಿನ ತನ್ನ ಮನೆಯಲ್ಲಿ ಎಂಟು ದಿನದಿಂದ ಕಂಪ್ಯೂಟರಿನ ಮುಂದೆ ಕೂತು, ಒಂದು ಸುಳ್ಳು ಆಕಾಶನೌಕೆಯನ್ನು ಒಂದು ಸುಳ್ಳು ನಿಲ್ದಾಣಕ್ಕೆ ಸೇರಿಸಲಾಗದೆ ತಲೆ ಚಚ್ಚಿಕೊಳ್ಳುತ್ತಿದ್ದ.

ಆ ಆಟ ಮಾಡಿದವರಿಗೆ ಮಾಡಲು ಬೇರೆ ಕೆಲಸವಿರಲಿಲ್ಲವೇನೋ. ನೌಕೆ ಮಿಸುಕಬೇಕಾದರೆ ಮೊದಲು ನಲವತ್ತು ಗುಂಡಿ ಒತ್ತಬೇಕು, ಅದೂ ಸಾಲು ತಪ್ಪದೆ. ಒಂದು ಹಿಂದುಮುಂದಾದರೆ ಮತ್ತೆ ಮೊದಲಿನಿಂದ. ಬಿಸಿ ಹೊರಹಾಕುವ ರೆಕ್ಕೆ ಬಿಚ್ಚದಿದ್ದರೆ ನೌಕೆ ಬೇಯುತ್ತದೆ, ಬೇಗ ಬಿಚ್ಚಿದರೆ ರೆಕ್ಕೆಯೇ ಮುರಿಯುತ್ತದೆ. ಕೈಪಿಡಿ ಮುನ್ನೂರ ಹನ್ನೆರಡು ಪುಟ, ರಷ್ಯನ್ ಭಾಷೆಯಲ್ಲಿ. ಶಾಲೆಯಲ್ಲಿ ಕಲಿತ ರಷ್ಯನ್ನನ್ನು ನೆನಪಿನಿಂದ ಕೆದಕಿ ತೆಗೆದು ಡೆಲ್ಚೊ ಅದರಲ್ಲಿ ಬ್ರೇಕ್ ಎಲ್ಲಿದೆಯೆಂದು ಹುಡುಕಿದ. ಬ್ರೇಕ್ ಇರಲೇ ಇಲ್ಲ. ನಿಲ್ಲಬೇಕಾದರೆ ನೌಕೆಯನ್ನು ಬೆನ್ನುಮುಖ ಮಾಡಿ ಬೆಂಕಿ ಉಗುಳಬೇಕಂತೆ.

"ಬ್ರೇಕೇ ಇಲ್ಲದ ಗಾಡೀನ ಹೊರಗೆ ಬಿಟ್ಟವನ್ಯಾರು?" ಎಂದು ಗೋಡೆಯನ್ನು ಕೇಳಿದ.

"ಮೊದಲು ಅದನ್ನ ಆರಿಸು. ಸೂಪು ತಣ್ಣಗಾಗ್ತಿದೆ," ಎಂದಳು ಅಡುಗೆಮನೆಯಿಂದ ಹೆಂಡತಿ ಗಿನ್ಕಾ.

ಆರಿಸುವಂತಿರಲಿಲ್ಲ. ಆ ನಿಲ್ದಾಣದಲ್ಲಿ ಪರ್ವಾನ್ ಇದ್ದ.

ಪರ್ವಾನ್ ಅವನ ಸಹಾಯಕ ಚಾಲಕ. ಹತ್ತೊಂಬತ್ತು ವರ್ಷ ಇಬ್ಬರೂ ಒಂದೇ ಎಂಜಿನ್ನಿನಲ್ಲಿ ನಿಂತು, ಒಂದೇ ಡಬ್ಬಿಯಿಂದ ಚೀಸು ತುಂಬಿ ಬೇಯಿಸಿದ ಬಾನಿತ್ಸಾ ಮುರಿದು ತಿಂದವರು. ಆ ಬಾನಿತ್ಸಾ ಮಾಡಿ ಕಳಿಸುತ್ತಿದ್ದವಳು ಪರ್ವಾನನ ಹೆಂಡತಿ ನೆವೆನಾ. ನಿವೃತ್ತಿಯಾದ ಮೇಲೆ ಆ ಗಂಡಹೆಂಡತಿ ರೂಸೆ ಪಟ್ಟಣಕ್ಕೆ ಹೋದರು. ಕಳೆದ ಶರತ್ಕಾಲದಲ್ಲಿ ನೆವೆನಾ ತೀರಿಕೊಂಡಳು. ನಲವತ್ತನೇ ದಿನದ ಸ್ಮರಣೆಗೆಂದು ಡೆಲ್ಚೊ ಗಡ್ಡ ಹೆರೆದು, ಕಪ್ಪು ಕೋಟು ತೊಟ್ಟು, ಟಿಕೆಟ್ ತೆಗೆದುಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತ. ರೈಲು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಇವನು ನಿಂತೇ ಇದ್ದ. ಪರ್ವಾನನ ಎದುರು ನಿಂತು ಬಾಯಿ ತೆರೆದರೆ ಏನು ಬರಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ, ಅಷ್ಟೇ. ಮನೆಗೆ ಬಂದು ರೈಲು ತಪ್ಪಿತೆಂದ. ಮೂವತ್ತೊಂದು ವರ್ಷ ರೈಲು ಓಡಿಸಿದವನ ಬಾಯಲ್ಲಿ ಆ ಮಾತು ಕೇಳಿ ಗಿನ್ಕಾ ಅವನನ್ನೇ ನೋಡಿದಳು.

ಆಮೇಲೆ ಪರ್ವಾನ್ ಫೋನ್ ಎತ್ತುವುದನ್ನೇ ಬಿಟ್ಟ. ಮೇ ತಿಂಗಳಲ್ಲಿ ಒಂದು ದಿನ ಅವನಿಂದ ಮೆಸೇಜು ಬಂತು: "ಮಗಳು ಈ ಆಟ ಹಾಕಿಕೊಟ್ಟಿದ್ದಾಳೆ. ಹದಿನೇಳನೇ ನಿಲ್ದಾಣದಲ್ಲಿದ್ದೇನೆ. ಮುಂದಿನ ಶನಿವಾರ ನಾಲ್ಕು ಗಂಟೆಗೆ ಬರುವುದಾದರೆ ಬಾ. ಬರದಿದ್ದರೆ ಇನ್ನು ಬರೆಯುವುದಿಲ್ಲ."

"ರೂಸೆಗೆ ಏನು ಮಹಾ ದೂರ? ಹೋಗಿ ಬಾಗಿಲು ತಟ್ಟು," ಎಂದಿದ್ದಳು ಗಿನ್ಕಾ.

"ಅವನು ಕರೆದಿರೋದು ಅಲ್ಲಿಗೆ."

ನಿಜ ಹೇಳಬೇಕೆಂದರೆ ಡೆಲ್ಚೊಗೆ ಹೆದರಿಕೆಯಿತ್ತು. ಬಾಗಿಲು ತಟ್ಟುವುದಕ್ಕಿಂತ ನಲವತ್ತು ಗುಂಡಿ ಒತ್ತುವುದೇ ಸುಲಭವೆನಿಸಿತ್ತು.

ಗುರುವಾರ ಹೇಗೋ ನಿಲ್ದಾಣದ ಹತ್ತಿರ ಬಂದ. ಪರದೆಯ ಮೇಲೆ ಪ್ರಶ್ನೆ ಮೂಡಿತು: "ಒಳಗೆ ಬರುವಿರಾ? ತಲೆಯಾಡಿಸಿ ಉತ್ತರಿಸಿ." ಆಡುವವನ ತಲೆ ನೋಡಲೆಂದೇ ಪರದೆಯ ನೆತ್ತಿಯ ಮೇಲೆ ಪುಟ್ಟ ಕ್ಯಾಮೆರಾ ಕೂರಿಸಿತ್ತು. ಡೆಲ್ಚೊ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿ, ಅವನಪ್ಪ, ಅವನಜ್ಜ, ಇಡೀ ಗೋರ್ನಾ ಹೌದು ಅನ್ನುವ ಹಾಗೆಯೇ ಹೌದು ಅಂದ. "ನಿಮ್ಮ ಕೋರಿಕೆ ರದ್ದಾಗಿದೆ" ಎಂದು ಪರದೆ ಹೇಳಿತು. ನಿಲ್ದಾಣ ಅವನ ನೌಕೆಯನ್ನು ಕತ್ತಲೆಗೆ ತಳ್ಳಿತು.

ಅವನಿಗೆ ತಲೆಬುಡ ತಿಳಿಯಲಿಲ್ಲ. ವೇಗ ಜಾಸ್ತಿಯಾಯಿತೇನೋ ಎಂದು ನಿಧಾನವಾಗಿ ಬಂದ. ರದ್ದು. ದೀಪ ಹಾಕಿಕೊಂಡು ಬಂದ. ರದ್ದು. ಕ್ಯಾಮೆರಾ ಒರೆಸಿದ, ಟೋಪಿ ತೆಗೆದ, ಕೈಪಿಡಿಯ ಇನ್ನೂರ ಆರನೇ ಪುಟವನ್ನು ಗಟ್ಟಿಯಾಗಿ ಓದಿದ. ಇನ್ನೂ ಖಚಿತವಾಗಿ ಹೇಳಬೇಕೇನೋ ಎಂದು ಕತ್ತು ಉಳುಕುವಷ್ಟು ಜೋರಾಗಿ ತಲೆಯಾಡಿಸಿದ. ಶುಕ್ರವಾರ ಸಂಜೆಯ ಹೊತ್ತಿಗೆ ಇಪ್ಪತ್ತೆರಡು ಸಲ ರದ್ದಾಗಿತ್ತು. ಇವನನ್ನು ಒಳಗೆ ಬಿಡಬೇಡಿ ಎಂದು ಪರ್ವಾನನೇ ಹೇಳಿಟ್ಟಿದ್ದಾನೋ ಎಂಬ ಅನುಮಾನ ಹುಟ್ಟಿ, ಆ ಅನುಮಾನದಲ್ಲೇ ಮಲಗಿದ.

ಶನಿವಾರ ಮೂರೂವರೆಗೆ ಗಿನ್ಕಾ ಚಹಾ ತಂದಳು. ಗಂಡ ಪರದೆಯ ಮುಂದೆ ತಲೆಯಾಡಿಸುತ್ತಿದ್ದ, ಕಣ್ಣಲ್ಲಿ ನೀರಿತ್ತು.

"ಯಾರಿಗೆ ಹೌದು ಹೌದು ಅಂತಿದ್ದೀಯ?"

"ಒಳಗೆ ಬರ್ತೀರಾ ಅಂತ ಕೇಳ್ತಾರೆ. ಬರ್ತೀನಿ ಅಂತೀನಿ. ಆಚೆ ನೂಕ್ತಾರೆ."

ಗಿನ್ಕಾ ಪರದೆ ನೋಡಿದಳು, ಕ್ಯಾಮೆರಾ ನೋಡಿದಳು, ಆಮೇಲೆ ಚಹಾ ಚೆಲ್ಲುವಷ್ಟು ನಕ್ಕಳು. ಅವಳು ನಾಲ್ಕು ವರ್ಷ ಇಟಲಿಯಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಂಡಿದ್ದವಳು.

"ಅಯ್ಯೋ ಪೆದ್ದಪ್ಪ! ಅಲ್ಲಿ ಮೊದಲನೇ ದಿನ ಆ ಅಜ್ಜಿ ಊಟ ಮಾಡ್ತೀಯಾ ಅಂದ್ಲು. ನಾನು ಹೀಗೇ ತಲೆ ಆಡಿಸ್ದೆ. ತಟ್ಟೆ ಎತ್ತಿಟ್ಬಿಟ್ಲು! ಎರಡು ದಿನ ಬರೀ ಬ್ರೆಡ್ ತಿಂದ್ಕೊಂಡಿದ್ದೆ. ಹೊರಗಿನವರಿಗೆ ಹೀಗೆ ಆಡಿಸಿದ್ರೆ ಬೇಡ ಅಂತ. ಈ ಡಬ್ಬಾನೂ ಹೊರಗಿನವರದ್ದೇ ತಾನೇ? ಮೇಲೆ ಕೆಳಗೆ ಆಡಿಸು."

"ಅದು ಬೇಡ ಅಂದ ಹಾಗಾಗಲ್ವಾ?"

"ನಮಗೆ. ಅದಕ್ಕಲ್ಲ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಅರವತ್ತಾರು ವರ್ಷ ಹೌದೆಂದು ಪಕ್ಕಕ್ಕೆ ಆಡಿದ ಕತ್ತು ಮೇಲೆ ಕೆಳಗೆ ಹೋಗಲು ಒಪ್ಪಲಿಲ್ಲ. ಒಳಗೆ ಹೋಗಬೇಕು ಎಂದುಕೊಂಡ ತಕ್ಷಣ ತಾನಾಗಿ ಪಕ್ಕಕ್ಕೆ ತಿರುಗಿತು. ಎರಡು ಸಲ ರದ್ದಾಯಿತು. ಮೂರನೇ ಸಲ ತಲೆ ಗುಂಡಗೆ ಸುತ್ತಿ, "ಉತ್ತರ ಅರ್ಥವಾಗಲಿಲ್ಲ" ಎಂದು ಬಂತು. ನಾಲ್ಕು ಗಂಟೆ ದಾಟಿತು. ಕೊನೆಗೆ ಗಿನ್ಕಾ ಹಿಂದೆ ನಿಂತು, ಅವನ ಎರಡೂ ಕಿವಿಯ ಮೇಲೆ ಅಂಗೈ ಇಟ್ಟು, ತಲೆಯನ್ನು ಮುಂದಕ್ಕೆ ಬಗ್ಗಿಸಿ ಎತ್ತಿದಳು.

ನಿಲ್ದಾಣದ ಬಾಗಿಲು ತೆರೆಯಿತು.

ನೌಕೆ ಒಳಗೆ ಇಳಿದು ನಿಂತಿತು. ಪಕ್ಕದಲ್ಲಿ ಇನ್ನೊಂದು ಪುಟ್ಟ ನೌಕೆಯಿತ್ತು. ಅದರಿಂದ ಪರ್ವಾನನ ದನಿ ಬಂತು.

"ಆರು ನಿಮಿಷ ಲೇಟು."

ಎಂಟು ದಿನದಿಂದ ಕಲಿತಿಟ್ಟುಕೊಂಡ ಮಾತೆಲ್ಲ ಡೆಲ್ಚೊಗೆ ಮರೆತುಹೋಯಿತು. "ಇನ್ನೆಲ್ಲಿಗೆ ಹೋಗೋಣ?" ಎಂದ. "ನೀನೇ ಮುಂದೆ ನಡಿ. ನನಗೇನೂ ಗೊತ್ತಾಗಲ್ಲ ಇಲ್ಲಿ."

"ನಾನೆಲ್ಲಿಗೆ ನಡೀಲಿ? ನನಗೆ ಹೊರಗೆ ಹೋಗೋಕೇ ಬರಲ್ಲ. ಆಟ ಶುರುವಾಗಿದ್ದೇ ಇಲ್ಲಿ. ಹೊರಡ್ತೀರಾ ಅಂತ ಕೇಳತ್ತೆ, ಹೌದು ಅಂತ ತಲೆ ಆಡಿಸ್ತೀನಿ, ಬಾಗಿಲೇ ತೆಗೆಯಲ್ಲ. ಐದು ತಿಂಗಳಾಯ್ತು, ಇದರೊಳಗೇ ಕೂತಿದ್ದೀನಿ."

ಡೆಲ್ಚೊಗೆ ನಗು ಉಕ್ಕಿತು, ಅರ್ಧಕ್ಕೇ ನಿಂತಿತು. "ತಲೆ ಮೇಲೆ ಕೆಳಗೆ ಆಡಿಸು," ಎಂದ. "ಬೇಡ ಅನ್ನೋ ಹಾಗೆ."

ಪರ್ವಾನನ ನೌಕೆಯ ಎದುರಿದ್ದ ನಿಲ್ದಾಣದ ಬಾಗಿಲು ಸರಿಯಿತು. ಆಚೆ ನಕ್ಷತ್ರಗಳು ಕಂಡವು. ನೌಕೆ ಕದಲಲಿಲ್ಲ.

"ಇಷ್ಟೇನಾ?" ಎಂದ ಪರ್ವಾನ್. "ಐದು ತಿಂಗಳು ಕಣೋ ಡೆಲ್ಚೊ. ಯಾರಾದ್ರೂ ಒಬ್ಬರು ಬಂದು ಹೇಳಬಾರದಿತ್ತಾ?"

"ಅವತ್ತು ನನಗೆ ರೈಲು ತಪ್ಪಲಿಲ್ಲ ಪರ್ವಾನ್. ನಾನೇ ಹತ್ತಲಿಲ್ಲ."

"ಗೊತ್ತು. ನೀನು ಹೊರಟೆ ಅಂತ ಗಿನ್ಕಾ ಫೋನ್ ಮಾಡಿದ್ಲು. ಮನೆ ತುಂಬ ನೆಂಟರು. ಅವರನ್ನೆಲ್ಲ ಬಿಟ್ಟು ಸ್ಟೇಷನ್ನಿಗೆ ಬಂದೆ, ನಿನ್ನನ್ನ ಕರ್ಕೊಂಡು ಹೋಗೋಕೆ. ಎಲ್ಲರೂ ಇಳಿದು ಹೋದ್ರು. ಮುಂದಿನ ಗಾಡಿಗೂ ಕಾದೆ."

ಡೆಲ್ಚೊಗೆ ಅಳು ತಡೆಯಲಾಗಲಿಲ್ಲ. ಗಿನ್ಕಾಳ ಕೈ ಈಗ ಅವನ ಹೆಗಲ ಮೇಲಿತ್ತು. "ಬರ್ತೀನಿ," ಎಂದ. "ಇವತ್ತೇ ಬರ್ತೀನಿ. ಸಂಜೆ ಗಾಡೀಲಿ."

"ನಾನು ಸ್ಟೇಷನ್ನಿಗೆ ಬರಲ್ಲ," ಎಂದ ಪರ್ವಾನ್. "ಈ ಸಲ ನೀನೇ ಮನೆ ತನಕ ಬಾ."